ಆಲಮೇಲದ ಮಣ್ಣು, ಕುಮಟಗಿಯ ಗೋಡೆ

ಸಿಂದಗಿಯಿಂದ ಉತ್ತರಾಭಿಮುಖವಾಗಿ ಸುಮಾರು ಇಪ್ಪತ್ತು ಕಿಲೋಮೀಟರು ಸಾಗಿದರೆ ಆಲಮೇಲ ಸಿಗುತ್ತದೆ. ಬಹುಕಾಲ ಸಿಂದಗಿ ತಾಲ್ಲೂಕಿನ ದೊಡ್ಡ ಊರೆನಿಸಿದ್ದ ಇದು ಇತ್ತೀಚಿನ ವರ್ಷಗಳಲ್ಲಿ ತಾನೇ ಒಂದು ತಾಲ್ಲೂಕಿನ ಹೆಸರಾಗಿದೆ. ಭೀಮಾನದಿ ಇಲ್ಲಿಂದ ದೂರವಿಲ್ಲ. ದಾರಿಯುದ್ದಕ್ಕೂ ಕಣ್ಣು ಹಾಯುವಷ್ಟು ಎರೆನೆಲ. ನೀರಿರುವಲ್ಲಿ ಕಬ್ಬು, ಇಲ್ಲದಲ್ಲಿ ತೊಗರಿ, ಹತ್ತಿ, ಹಿಂಗಾರಿಯ ಬಿಳಿಜೋಳ. ಈ ನೆಲದ ಸ್ವಭಾವವನ್ನು ಒಕ್ಕಲಿಗರೇ ಬಲ್ಲರು. ಮಳೆ ಬಿದ್ದಾಗ ನಾದಿದ ಹಿಟ್ಟಿನಂತೆ ಉಬ್ಬಿ ಕಾಲನ್ನು ಹಿಡಿದುಕೊಳ್ಳುತ್ತದೆ. ಬೇಸಿಗೆಯಲ್ಲಿ ಅಂಗೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಮುಂದೆ ಹೇಳಲಿರುವ ಸಂಗತಿಯೆಲ್ಲ ಈ ಬಿರುಕಿನಿಂದಲೇ ಹೊರಟದ್ದಾದ್ದರಿಂದ ಇಷ್ಟನ್ನು ಮೊದಲೇ ಅರಿಕೆ ಮಾಡಿದ್ದೇವೆ.

ಶ್ರಾವಣ ಮಾಸದ ಪುರಾಣ ಪ್ರವಚನದ ನಿಮಿತ್ತ ನಾವು ಆ ಊರಿಗೆ ಹೋಗಿದ್ದೆವು. ಇಳಿದುಕೊಂಡದ್ದು ಬಹು ವರ್ಷಗಳಿಂದ ಪರಿಚಿತರಾದ ಒಕ್ಕಲುತನದ ಸದ್ಗೃಹಸ್ಥರೊಬ್ಬರ ಮನೆಯಲ್ಲಿ. ದಪ್ಪ ಗೋಡೆಯ, ಮಣ್ಣಿನ ಮಾಳಿಗೆಯ ಹಳೆಯ ಮನೆ. ಹೊರಗೆ ಎಂಥ ಬಿಸಿಲಿದ್ದರೂ ಒಳಗೆ ತಂಪು. ಅವರ ಕಿರಿಯ ಮಗ ಕಲಬುರ್ಗಿಯಲ್ಲಿ ಚಿತ್ರಕಲೆಯನ್ನು ಅಭ್ಯಾಸ ಮಾಡುತ್ತಿದ್ದಾನೆ. ಪ್ರಸಾದವಾದ ಮೇಲೆ ಯಜಮಾನರು ಮಾತು ತೆಗೆದರು: “ಗುರುಗಳ, ನಿಮ್ಮ ಮಾತರ ಕೇಳ್ತಾನೇನ್ ನೋಡ್ರಿ. ಬಣ್ಣಕ್ಕಂತ ಹೇಳಿ ರೊಕ್ಕ ಒಯ್ತಾನ, ಹೊಲದಾನ ಮಣ್ಣು ಬಳಕೋತ ಕುಂಡರ್ತಾನ. ಮಣ್ಣು ಬಳಿಯಾಕ ಕಲಬುರ್ಗಿಗೆ ಯಾಕ ಹೋಗಬೇಕ್ರಿ?”

ಮನೆಯವರೆಲ್ಲ ನಕ್ಕರು, ಮಗ ನಗಲಿಲ್ಲ. ನಗುವ ಮಾತೂ ಅದಾಗಿರಲಿಲ್ಲವೆಂಬುದು ಆಮೇಲೆ ತಿಳಿಯಿತು. ಮೂವರು ಗಂಡುಮಕ್ಕಳಲ್ಲಿ ಊರ ಹೊರಗೆ ಓದಲು ಕಳಿಸಿದ್ದು ಇವನೊಬ್ಬನನ್ನೇ. ಅದಕ್ಕಾಗಿ ಒಂದು ಜೋಡಿ ಎತ್ತು ಮಾರಿದ್ದರು. ಮುಂದಿನ ವರ್ಷದ ಶುಲ್ಕವನ್ನು ಕಟ್ಟುವುದೋ, ಅವನನ್ನು ತಿರುಗಿ ಹೊಲಕ್ಕೆ ಕರೆದುಕೊಳ್ಳುವುದೋ ಎಂಬುದು ಆ ಮನೆಯಲ್ಲಿ ಇತ್ಯರ್ಥವಾಗದೆ ಉಳಿದಿತ್ತು.

ಮರುದಿನ ಬೆಳಿಗ್ಗೆ ದನದ ಕೊಟ್ಟಿಗೆಯ ಮೂಲೆಯಲ್ಲಿ ಅವನು ಇರಿಸಿದ್ದ ಹಲಗೆಗಳನ್ನು ನೋಡಿದೆವು. ಹತ್ತು-ಹನ್ನೆರಡಿದ್ದವು. ಎರೆಮಣ್ಣನ್ನು ವಸ್ತ್ರಗಾಳಿಸಿ, ಫೆವಿಕಾಲ್ ಸೇರಿಸಿ, ಗೋಣಿತಟ್ಟು ಅಂಟಿಸಿದ ಹಲಗೆಯ ಮೇಲೆ ದಪ್ಪನಾಗಿ ಹಚ್ಚಿದ್ದ. ಜೋಳದ ಕಣಿಕೆಯನ್ನು ಸೀಳಿ ಸಾಲು ಸಾಲಾಗಿ ಕೂಡಿಸಿದ್ದ. ಕೆಲವೆಡೆ ಭೀಮೆಯ ಮರಳು, ಕೆಲವೆಡೆ ಸುಣ್ಣ, ಒಂದೆಡೆ ಹಿಂಡಿದ ಕಬ್ಬಿನ ಸಿಪ್ಪೆ. ಮೇಲಿನಿಂದ ನೋಡಿದ ಹೊಲದ ಚಿತ್ರವೊಂದು ನಿಜಕ್ಕೂ ಚೆನ್ನಾಗಿತ್ತು. ಕೊಯ್ಲಿನ ಅನಂತರದ ನೆಲದ ಬರಿದುತನ ಅದರಲ್ಲಿ ಇಳಿದಿತ್ತು. ಇನ್ನೊಂದಕ್ಕೆ ಸೈಕಲ್ಲಿನ ಸರಪಳಿಯನ್ನು ಜಡಿದಿದ್ದ. ಅದೇಕೆ ಎಂದರೆ ಉತ್ತರ ಬರಲಿಲ್ಲ. ಹಿಂದೊಮ್ಮೆ ನಗರದ ಪ್ರದರ್ಶನವೊಂದರಲ್ಲಿ ಕ್ಯಾನ್ವಾಸಿಗೆ ಹರಿದ ಚಪ್ಪಲಿಯನ್ನು ಹೊಲಿದದ್ದನ್ನು ಕಂಡಿದ್ದೆವು. ಚಪ್ಪಲಿ ಬೇಡವೆಂದಲ್ಲ, ಆ ಚಪ್ಪಲಿಗೆ ಅಲ್ಲಿರಲು ಕೆಲಸವಿರಲಿಲ್ಲ. ಈ ಸರಪಳಿಯೂ ಅದರ ಸೋದರ.

ಸರಪಳಿಗಿಂತ ದೊಡ್ಡ ತೊಂದರೆ ಬೇರೆಯಿತ್ತು. ಹಲಗೆಗಳಲ್ಲಿ ಮುಕ್ಕಾಲು ಪಾಲು ಸೀಳಿಹೋಗಿದ್ದವು. ಮಣ್ಣು ಹಪ್ಪಳದಂತೆ ಎದ್ದು, ಕೆಲವು ಚಕ್ಕೆಗಳು ಕೆಳಗೆ ಸಗಣಿಯಲ್ಲಿ ಬಿದ್ದಿದ್ದವು. ಹುಡುಗ ಮಾತ್ರ ಧೈರ್ಯಗೆಡದೆ, 1912ರಲ್ಲಿ ಪ್ಯಾರಿಸಿನಲ್ಲಿ ಪಿಕಾಸೊ ಎಂಬ ಚಿತ್ರಕಾರನು ಬೆತ್ತದ ಹೆಣಿಗೆ ಅಚ್ಚಾಗಿದ್ದ ಮೇಣಬಟ್ಟೆಯನ್ನು ಚಿತ್ರಕ್ಕೆ ಅಂಟಿಸಿ, ಚೌಕಟ್ಟಿನ ಬದಲು ಹಗ್ಗ ಸುತ್ತಿದ ಬಗೆಯನ್ನೂ, ಅವನ ಸಂಗಡಿಗ ಬ್ರಾಕ್ ಬಣ್ಣಕ್ಕೆ ಮರಳು ಬೆರೆಸಿದ ಬಗೆಯನ್ನೂ ವಿವರಿಸಿದನು. ಅಂದಿನಿಂದ ಚಿತ್ರವೆಂದರೆ ಬಣ್ಣವೇ ಆಗಬೇಕೆಂಬ ಕಟ್ಟು ಕಳಚಿತೆಂದೂ, ತಾನು ಆ ಹಾದಿಯವನೆಂದೂ ಅವನ ಅಭಿಪ್ರಾಯ. ಓದಿಕೊಂಡ ಹುಡುಗ, ಹೇಳಿದ್ದೂ ನಿಜವೇ.

ಅಷ್ಟರಲ್ಲಿ ಹೆಂಡಿ ತೆಗೆಯಲು ಬಂದ ಅವನ ಅಜ್ಜಿ ನಿಂತು ನೋಡಿ ಅಂದರು: “ಬರೇ ಎರಿಮಣ್ಣು ಹಚ್ಚಿದ್ರ ನಿಂದ್ರತೈತೇನೋ ತಮ್ಮಾ? ಅದಕ್ಕ ಹತ್ತಿ ಹಾಕಿ ಕುಟ್ಟಬೇಕು, ಬೂದಿ ಕೂಡಸಬೇಕು. ಎತ್ತು ಮಾಡೂಮುಂದ ನಾ ಏನ್ ಮಾಡ್ತೀನಿ, ಕಣ್ಣೀಲೆ ಕಂಡಿಲ್ಲೇನು?”

ಪಡಸಾಲೆಯ ಮಾಡದಲ್ಲಿ ಆ ವರ್ಷದ ಮಣ್ಣೆತ್ತಿನ ಜೋಡಿ ಇನ್ನೂ ನಿಂತಿತ್ತು. ಎರಡು ತಿಂಗಳಾಗಿತ್ತು, ಕೊಂಬಿನಿಂದ ಗೊರಸಿನವರೆಗೆ ಒಂದೇ ಒಂದು ಬಿರುಕಿರಲಿಲ್ಲ. ಹುಡುಗ ಅದನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದನು. ಹುಟ್ಟಿದಾಗಿನಿಂದ ಕಂಡದ್ದನ್ನು ಆ ದಿನವೇ ನೋಡಿದಂತಿತ್ತು.

ಎರೆಮಣ್ಣು ನೀರು ಕುಡಿದು ಉಬ್ಬುವ, ಒಣಗಿ ಕುಗ್ಗುವ ಜೇಡಿ. ಬೂದಿಯಾಗಲಿ ಮರಳಾಗಲಿ ಸೇರಿದರೆ ಕುಗ್ಗುವುದು ಕಡಿಮೆಯಾಗುತ್ತದೆ. ಹತ್ತಿಯ ಎಳೆ ಒಳಗೇ ಹಿಡಿದು ನಿಲ್ಲಿಸುತ್ತದೆ. ನೆರಳಿನಲ್ಲಿ ಒಣಗಿಸಿದರೆ ಮೇಲ್ಪದರ ಅವಸರಪಡುವುದಿಲ್ಲ. ಪ್ಯಾರಿಸಿನ ಮಾತು ಎಷ್ಟೇ ಘನವಾದರೂ ಆಲಮೇಲದ ಮಣ್ಣಿನ ಗುಣ ಆಲಮೇಲದ ಅಜ್ಜಿಗೇ ಗೊತ್ತು. ಬೀದರಿನ ಬಿದರಿ ಕೆಲಸಗಾರರು ಇದೇ ಬಗೆಯ ಮಣ್ಣುಬಲ್ಲ ಜನ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿ ಕೂರಿಸಿ, ಕೊನೆಗೆ ಹಳೆಯ ಕೋಟೆಯ ಮಣ್ಣನ್ನು ನವಸಾಗರದೊಡನೆ ಬಿಸಿಮಾಡಿ ಉಜ್ಜುತ್ತಾರೆ. ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ನಮ್ಮ ಕರಸ್ಥಲದ ಇಷ್ಟಲಿಂಗವೂ ಬರಿಯ ಶಿಲೆಯಲ್ಲವಷ್ಟೆ. ಒಳಗಣ ಪುಟ್ಟ ಶಿಲಾಲಿಂಗದ ಮೇಲೆ ಗೋಮಯ ಭಸ್ಮವನ್ನು ಜಿಡ್ಡಿನೊಡನೆ ಅರೆದು ಲೇಪಿಸಿ ಕಟ್ಟಿದ ಕಪ್ಪು ಕಂತಿ ಅದಕ್ಕೆ ರೂಪವನ್ನೂ ಬಾಳಿಕೆಯನ್ನೂ ಕೊಡುತ್ತದೆ.

ಅಂದು ಮಧ್ಯಾಹ್ನ ನಾವು ಆ ತಾಯಿಯವರನ್ನು ಕೂಡಿಸಿಕೊಂಡು ವರ್ಷವಿಡೀ ಅವರ ಕೈ ಏನೇನನ್ನು ಮಾಡುತ್ತದೆಂದು ಕೇಳುತ್ತ ಹೋದೆವು. ಜ್ಯೇಷ್ಠದ ಕಾರಹುಣ್ಣಿಮೆಗೆ ಜೀವಂತ ಎತ್ತಿನ ಮೈಯೇ ಹಲಗೆ. ಕೊಂಬಿಗೆ ಬಣ್ಣ, ಮೈಮೇಲೆ ಬಣ್ಣದ ಮುದ್ರೆ. ಹದಿನೈದು ದಿನಕ್ಕೆ ಅಮಾವಾಸ್ಯೆ ಬಂದಾಗ ಅದೇ ಎತ್ತು ಮಣ್ಣಿನದಾಗಿ ಮನೆಯೊಳಗೆ ಬರುತ್ತದೆ, ಗ್ವಾದಲಿಯ ಸಮೇತ. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಗುಳ್ಳವ್ವನನ್ನು ಮಣ್ಣಿನಲ್ಲಿ ಮಾಡಿ ಕಾಳು, ಗುಲಗಂಜಿ, ಮಣಿಗಳಿಂದ ಸಿಂಗರಿಸುತ್ತಾರೆ. ಇಲ್ಲಿ ಕಾಳೇ ಬಣ್ಣ. ಶ್ರಾವಣದ ಪಂಚಮಿಗೆ ಹುತ್ತದ ಮಣ್ಣಿನ ನಾಗಪ್ಪ. ಹುತ್ತದ ಮಣ್ಣು ಗೆದ್ದಲು ತಾನೇ ಸೋಸಿ ಇಟ್ಟ ನುಣುಪುಮಣ್ಣು, ಜರಡಿ ಬೇಡ. ಭಾದ್ರಪದದಲ್ಲಿ ಬುಟ್ಟಿಯಲ್ಲಿ ಬರುವ ಜೋಕುಮಾರನ ಬಾಯಿಗೆ ಬೆಣ್ಣೆ. ದೀಪಾವಳಿಯ ಪಾಡ್ಯಕ್ಕೆ ಸಗಣಿಯ ಪಾಂಡವರು, ತಲೆಗೆ ಉತ್ತರಾಣಿ ಕಡ್ಡಿ ಮತ್ತು ಚೆಂಡುಹೂವು. ಅದಾದ ಮೇಲೆ ಗೌರಿ ಹುಣ್ಣಿಮೆಯ ಸಕ್ಕರೆ ಆರತಿ.

ಸಕ್ಕರೆಯ ಮಾತಿಗೆ ಅವರು ಕೊಂಚ ಹೊತ್ತು ನಿಂತರು, ನಾವೂ ನಿಲ್ಲಬೇಕು. ಎರಡು ಹೋಳಿನ ಕಟ್ಟಿಗೆಯ ಅಚ್ಚನ್ನು ನೀರಿನಲ್ಲಿ ನೆನೆಹಾಕಿ, ಜೋಡಿಸಿ ಬಿಗಿದು, ಕುದಿಯುವ ಪಾಕವನ್ನು ಹೊಯ್ಯುತ್ತಾರೆ. ಪಾಕ ಎಳೆಯದಾದರೆ ಗೊಂಬೆ ಅಚ್ಚಿಗೆ ಕಚ್ಚಿಕೊಳ್ಳುತ್ತದೆ. ಮಾಗಿದ್ದು ಹೆಚ್ಚಾದರೆ ಬಿಡಿಸುವಾಗ ಮುರಿಯುತ್ತದೆ. ಹೊಯ್ದು ಎಷ್ಟು ಹೊತ್ತಿಗೆ ಅಚ್ಚು ತೆರೆಯಬೇಕೆಂಬುದನ್ನು ಗಡಿಯಾರ ಹೇಳುವುದಿಲ್ಲ, ಅಚ್ಚಿನ ಬೆನ್ನು ಮುಟ್ಟಿದ ಕೈ ಹೇಳುತ್ತದೆ. ಆನೆ, ಕುದುರೆ, ತೇರು, ಗಿಳಿ, ಬಸವಣ್ಣ ಅರೆಪಾರದರ್ಶಕವಾಗಿ ಹೊರಬರುತ್ತವೆ. ಅಮೃತಶಿಲೆಯವರೂ ಅಸೂಯೆಪಡುವಂಥ ಈ ಶಿಲ್ಪವನ್ನು ಮೂರನೆಯ ದಿನ ಮಕ್ಕಳು ಕಡಿದು ತಿಂದುಬಿಡುತ್ತಾರೆ. ಅದೇ ಅದರ ಸದ್ಗತಿ. ಆ ಅಚ್ಚುಗಳು ಈಗ ಬಹಳ ಮನೆಗಳಲ್ಲಿಲ್ಲ. ಪೇಟೆಯಿಂದ ಮಾಡಿದ ಆರತಿಯನ್ನೇ ತರುತ್ತಾರೆ. ಪ್ಲಾಸ್ಟರ್ ಆಫ್ ಪ್ಯಾರಿಸಿನ ಎತ್ತೂ ಸಂತೆಗೆ ಬಂದಿದೆ. ನೀರಿಗೆ ಬಿಟ್ಟರೆ ಮಣ್ಣಿನಂತೆ ಕರಗದ, ಮಾಡಿದವನ ಕೈಗುರುತೂ ಇಲ್ಲದ ಆ ವಸ್ತುವನ್ನು ಕಂಡು ನಮಗೆ ಸಂತೋಷವಾಗಲಿಲ್ಲ. ಹೊಸ್ತಿಲಿಗೆ ಅಂಟಿಸುವ ರಂಗೋಲಿಯ ವಿಷಯವನ್ನು ಇಲ್ಲಿ ಎತ್ತದಿರುವುದೇ ಲೇಸು.

ಮಠದಲ್ಲಿ ಓದುವ ಕಾಲಕ್ಕೆ ನಮ್ಮ ಕೈಗೆ ಬಂದ ಗ್ರಂಥಗಳಲ್ಲಿ ಮಾನಸೋಲ್ಲಾಸವೂ ಒಂದು. ಶರಣರ ಕ್ರಾಂತಿಗೆ ಕೆಲವೇ ದಶಕಗಳ ಹಿಂದೆ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ಈ ಸಂಸ್ಕೃತ ಗ್ರಂಥಕ್ಕೆ ಅಭಿಲಷಿತಾರ್ಥಚಿಂತಾಮಣಿಯೆಂಬ ಹೆಸರೂ ಉಂಟು. ಅದರ ಚಿತ್ರಪ್ರಕರಣದಲ್ಲಿ ರಾಜನು ಸೌಂದರ್ಯದ ಮಾತಿಗಿಂತ ಮೊದಲು ಅಡುಗೆಯ ಮಾತಾಡುತ್ತಾನೆ. ಎಮ್ಮೆಯ ತೊಗಲನ್ನು ಬೆಣ್ಣೆಯಂತಾಗುವವರೆಗೆ ನೀರಿನಲ್ಲಿ ಬೇಯಿಸಿ ವಜ್ರಲೇಪವೆಂಬ ಅಂಟನ್ನು ತೆಗೆಯಬೇಕು. ಅದನ್ನು ಬಿಳಿಮಣ್ಣಿನೊಡನೆ ಬೆರೆಸಿ ಗೋಡೆಗೆ ಒಂದರ ಮೇಲೊಂದು ಲೇಪ ಕೊಡಬೇಕು. ಶಂಖದ ಪುಡಿ ಬಿಳುಪಿಗೆ, ಕಾಡಿಗೆ ಕಪ್ಪಿಗೆ, ಹರಿತಾಳ ಹಳದಿಗೆ. ಕುಂಚಕ್ಕೆ ಕರುವಿನ ಕಿವಿಯ ರೋಮ. ಇಷ್ಟನ್ನು ಹೇಳಿ ಚಿತ್ರದ ಭೇದಗಳನ್ನು ಎಣಿಸುವಾಗ, ದ್ರವಬಣ್ಣದ ರಸಚಿತ್ರದ ಪಕ್ಕದಲ್ಲಿಯೇ ಪುಡಿಯಿಂದ ಬಿಡಿಸುವ ಧೂಲಿಚಿತ್ರವನ್ನು ಕೂಡಿಸುತ್ತಾನೆ. ಅಂದರೆ ಅರಮನೆಯ ಭಿತ್ತಿಗೂ ಅಂಗಳದ ರಂಗೋಲಿಗೂ ಒಂದೇ ಪಂಕ್ತಿ. ಮಾಧ್ಯಮ ಬದಲಿಸುವುದು ನಿನ್ನೆ ಮೊನ್ನೆ ಬಂದ ಹವ್ಯಾಸವಲ್ಲ, ಹೊರಗಿನಿಂದ ಬಂದದ್ದೂ ಅಲ್ಲ. ಒಂದೊಂದು ಮಾಧ್ಯಮಕ್ಕೂ ಅದರದೇ ನೆಲ, ಅದರದೇ ಅಂಟು, ಅದರದೇ ಆಯುಷ್ಯ ಉಂಟೆಂಬುದನ್ನು ಅರಿತು ಕೈಹಾಕುವುದನ್ನು ನಮ್ಮವರು ಒಂಬೈನೂರು ವರ್ಷಗಳ ಹಿಂದೆಯೇ ಬರೆದಿಟ್ಟಿದ್ದಾರೆ. ಹುಡುಗನಿಗೆ ಇದನ್ನು ಹೇಳಿದಾಗ ಅವನು ವಜ್ರಲೇಪದ ಪ್ರಮಾಣವನ್ನು ಕೇಳಿದನು. ಅವನ ತಂದೆ, “ಎಮ್ಮಿ ತೊಗಲ ಕುದಸಾಕ ನನ್ನ ಮನ್ಯಾಗ ಜಾಗಾ ಇಲ್ಲ ನೋಡ್ರಿ,” ಎಂದರು. ಲಿಂಗವಂತರ ಮನೆಯಲ್ಲಿ ಆ ಮಾತಿಗೆ ಎದುರಿಲ್ಲ.

ಪ್ರವಚನಕ್ಕೆ ಬಿಡುವಿದ್ದ ಒಂದು ದಿನ ತಂದೆ-ಮಕ್ಕಳನ್ನು ಜೊತೆಗೆ ಕರೆದುಕೊಂಡು ವಿಜಯಪುರದ ಕಡೆ ಹೊರಟೆವು. ಸಿಂದಗಿಯನ್ನು ದಾಟಿ ಪಶ್ಚಿಮಕ್ಕೆ ಸಾಗಿ, ನಗರವನ್ನು ಸೇರುವ ಮೊದಲು ಕುಮಟಗಿಯಲ್ಲಿ ಇಳಿದೆವು. ಆದಿಲಶಾಹಿ ಅರಸರು ಬೇಸಿಗೆಯ ವಿಹಾರಕ್ಕೆ ಕಟ್ಟಿಸಿದ ನೀರಿನ ಮಂಟಪಗಳು ಇಲ್ಲಿವೆ. ಕೆರೆಯ ನೀರನ್ನು ಎತ್ತರದ ತೊಟ್ಟಿಗಳಿಗೆ ಏರಿಸಿ, ಗೋಡೆಯೊಳಗಿನ ಕೊಳವೆಗಳಲ್ಲಿ ಹರಿಸಿ, ಮೇಲಿನಿಂದ ತುಂತುರಾಗಿ ಬೀಳಿಸುವ ಏರ್ಪಾಡು. ನೀರನ್ನು ಇಷ್ಟು ಪಳಗಿಸಿದ ಜನ ಒಳಗಿನ ಗೋಡೆಗಳ ಮೇಲೆ ಚಿತ್ರಗಳನ್ನೂ ಬರೆಸಿದ್ದರು: ಕುದುರೆಯ ಮೇಲೆ ಚೆಂಡಾಡುವವರು, ಕುಸ್ತಿ ಹಿಡಿದ ಜಟ್ಟಿಗಳು, ವಾದ್ಯ ನುಡಿಸುವವರು, ಯುರೋಪಿನ ವೇಷದ ಪರದೇಶಿಗಳು. ಹೆನ್ರಿ ಕೌಸೆನ್ಸ್ ಎಂಬ ಪುರಾತತ್ತ್ವ ಇಲಾಖೆಯ ವಿದ್ವಾಂಸರು ಇವುಗಳ ವಿವರವನ್ನು 1916ರಲ್ಲಿ ಪ್ರಕಟವಾದ ವಿಜಯಪುರದ ವಾಸ್ತುಗಳ ಗ್ರಂಥದಲ್ಲಿ ಸೇರಿಸಿದ್ದಾರೆ. ಇಂದು ಗೋಡೆಯ ಮುಂದೆ ನಿಂತವನು ಕಣ್ಣು ಕಿರಿದುಮಾಡಿ ಹುಡುಕಬೇಕು. ಅಲ್ಲೊಂದು ಕಾಲು, ಇಲ್ಲೊಂದು ಮುಂಡಾಸು. ಉಳಿದೆಡೆ ಬೋಳು ಗಚ್ಚು.

ಹಸಿ ಸುಣ್ಣದ ಮೇಲೆ ಹಚ್ಚಿದ ಬಣ್ಣವನ್ನು, ಸುಣ್ಣವು ಗಾಳಿಯನ್ನು ಹೀರಿ ಕಲ್ಲಾಗುವಾಗ ತನ್ನೊಳಗೇ ಕಟ್ಟಿಕೊಳ್ಳುತ್ತದೆ. ಒಣಗಿದ ಗೋಡೆಗೆ ಅಂಟಿನಿಂದ ಹಚ್ಚಿದ ಬಣ್ಣ ಹೊರಗೇ ಕೂಡುತ್ತದೆ; ಅದರಲ್ಲಿ ನುಣುಪಾದ ಗೆರೆ, ಬಗೆಬಗೆಯ ಬಣ್ಣ, ತಿದ್ದುವ ಅವಕಾಶ ಎಲ್ಲ ಹೆಚ್ಚು, ಬಾಳಿಕೆ ಮಾತ್ರ ಕಡಿಮೆ. ತೇವ ಮೊದಲು ಅಂಟನ್ನು ಉಣ್ಣುತ್ತದೆ. ಇದನ್ನು ಹೇಳುತ್ತಿರುವಾಗ ಹುಡುಗ ಗೋಡೆಯ ಒಂದು ಸೀಳನ್ನು ಬೆರಳಿನಿಂದ ಅಳೆಯುತ್ತ ನಿಂತಿದ್ದನು. ಯಜಮಾನರು ಪಕ್ಕದ ಗೋಡೆಯಲ್ಲಿ ಯಾರೋ ಪ್ರೇಮಿಗಳು ಕೆತ್ತಿದ ಹೆಸರುಗಳನ್ನು ಓದಿ, ಇಂಥವರ ಕೈ ಮುರಿಯಬೇಕೆಂದು ಸಿಟ್ಟಾದರು. ಅಂದು ಅವರು ಚಿತ್ರದ ಪರವಾಗಿ ಆಡಿದ ಮೊದಲ ಮಾತು ಅದು.

ವಿಜಯಪುರದಲ್ಲಿ ಗೋಳಗುಮ್ಮಟವನ್ನು ನಾವು ಹೊರಗಿನಿಂದಲೇ ನೋಡಿ ಮುಂದೆ ಸಾಗಿದೆವು. ಅದರ ವಿಷಯ ಎಲ್ಲರಿಗೂ ತಿಳಿದದ್ದೇ. ಜಾಮಿ ಮಸೀದಿಯ ಮಿಹರಾಬಿಗೆ 1636ರ ಸುಮಾರಿನಲ್ಲಿ ಮಹಮ್ಮದ್ ಆದಿಲ್‌ಶಹನ ಕಾಲದಲ್ಲಿ ಬಣ್ಣ ಮತ್ತು ಚಿನ್ನದ ಲೇಪವಾಯಿತು. ಅಲ್ಲಿ ಉಬ್ಬುಗೆಲಸದ ಮೇಲೆಯೇ ಚಿತ್ರವಿದೆ. ಗೂಡುಗಳಲ್ಲಿ ಪುಸ್ತಕಗಳಿಟ್ಟಂತೆ, ಹೂದಾನಿಗಳಿಟ್ಟಂತೆ ಬರೆದದ್ದು ಕೈ ನೀಡಿ ಎತ್ತಿಕೊಳ್ಳುವಷ್ಟು ಮೋಸಮಾಡುತ್ತದೆ. 1626ರ ಇಬ್ರಾಹಿಂ ರೋಜಾದ ಕಿಟಕಿಗಳಲ್ಲಿ ಅಕ್ಷರಗಳನ್ನು ಕಲ್ಲಿನ ಜಾಲಂಧ್ರವಾಗಿ ಕೊರೆದಿದ್ದಾರೆ. ಅಕ್ಷರ ಕಲ್ಲು, ಅಕ್ಷರದ ನಡುವಣ ಹಾಳೆ ಬೆಳಕು. ಬೆಳಕನ್ನೇ ಶಾಯಿಯ ಎದುರು ಪಕ್ಷವಾಗಿ ನಿಲ್ಲಿಸಿದ ಆ ಬುದ್ಧಿಯ ಮುಂದೆ ನಾವು ಬಹಳ ಹೊತ್ತು ಕುಳಿತೆವು. ಮಲಿಕಾ ಜಹಾನ್ ಬೇಗಂ ಮಸೀದಿಗೆ ಜಂಜೀರಿ ಮಸೀದಿಯೆಂಬ ಹೆಸರು ಬಂದದ್ದು ಅದರ ಸೂರಿನಿಂದ ಇಳಿಬಿದ್ದಿದ್ದ ಕಲ್ಲಿನ ಸರಪಳಿಗಳಿಂದ. ಹುಡುಗನ ಹಲಗೆಯ ಸೈಕಲ್ ಸರಪಳಿಯ ನೆನಪಾಗಿ ಅವನ ಮುಖ ನೋಡಿದೆವು. ಅವನು ಈ ಸಲ ನಕ್ಕನು.

ಮೆಹತರ್ ಮಹಲಿನ ಮುಂದೆ ಯಜಮಾನರೇ ನಮಗೆ ಪಾಠ ಹೇಳಿದರು. ಬಾಗಿಲ ಮೇಲಣ ಮುಂಚಾಚಿಗೆ ಆನಿಕೆ ಕೊಟ್ಟ ಕಲ್ಲಿನ ತೊಲೆಗಳನ್ನು ತಲೆಯೆತ್ತಿ ನೋಡಿ, “ಇದು ಕಲ್ಲುಕುಟಿಗನ ಲೆಕ್ಕ ಅಲ್ರಿ, ಬಡಿಗ್ಯಾರ ಲೆಕ್ಕ. ಇದನ್ನ ಮಾಡಿದಾಂವ ಮೊದಲ ಕಟಗೀ ಕೆಲಸ ಕಲತಿರಬೇಕು,” ಎಂದರು. ಕಲ್ಲಿಗೆ ಮರದ ವೇಷ ಹಾಕುವುದು ಸರಿಯೇ ಎಂಬ ಪ್ರಶ್ನೆ ವಿದ್ವಾಂಸರಿಗೆ ಬಿಟ್ಟದ್ದು. ನಮಗಂತೂ ಮೆಹತರ್ ಮಹಲಿನ ಕೌಶಲಕ್ಕಿಂತ ರೋಜಾದ ಕಿಟಕಿಯ ಸರಳತೆಯೇ ಹೆಚ್ಚಿನದಾಗಿ ಕಂಡಿತು. ಅಲ್ಲಿ ಕಲ್ಲು ಕಲ್ಲಾಗಿಯೇ ಇದ್ದು ಬೇರೇನನ್ನೋ ಸಾಧಿಸಿದೆ.

ಇದೇ ವಿಜಯಪುರದಲ್ಲಿ ಹದಿನೇಳನೆಯ ಶತಮಾನದಲ್ಲಿ ನಡೆದ ಇನ್ನೊಂದು ಪ್ರಯೋಗದ ಕುರುಹು ಊರಲ್ಲಿಲ್ಲ, ಪರದೇಶದಲ್ಲಿದೆ. ಮೆಂತೆಯ ಲೋಳೆಯಂಥ ಅಂಟು ಸೇರಿಸಿ ದಪ್ಪಗೊಳಿಸಿದ ನೀರಿನ ಮೇಲೆ ಬಣ್ಣಗಳನ್ನು ತೇಲಿಬಿಟ್ಟು, ಕಡ್ಡಿಯಿಂದ ಮೆಲ್ಲಗೆ ಕಲಕಿ, ಮೇಲೆ ಕಾಗದವನ್ನು ಹಾಸಿ ಎತ್ತಿದರೆ ಮೋಡದಂಥ ವಿನ್ಯಾಸ ಕಾಗದಕ್ಕೆ ಇಳಿಯುತ್ತದೆ. ಇದು ಪುಸ್ತಕದ ಅಂಚಿಗೆ ಬಳಸುತ್ತಿದ್ದ ಅಲಂಕಾರ. ಇಲ್ಲಿಯ ಚಿತ್ರಕಾರರು ಕಾಗದದ ಬೇಡವಾದ ಭಾಗವನ್ನು ಮುಚ್ಚಿ, ಬೇಕಾದ ಆಕಾರಕ್ಕೆ ಮಾತ್ರ ಆ ನೀರಿನ ಬಣ್ಣ ಹಿಡಿಯುವಂತೆ ಮಾಡಿ, ಮೇಲೆ ಕುಂಚದ ಗೆರೆ ಕೂಡಿಸಿದರು. ಬಡಕಲು ಕುದುರೆ ಮತ್ತು ಸವಾರನ ಅಂಥ ಒಂದು ಚಿತ್ರ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿದೆ. ಹುಡುಗ ತನ್ನ ಮೊಬೈಲಿನಲ್ಲಿ ತೋರಿಸಿದನು. ಎಲುಬು ಎದ್ದ ಕುದುರೆಯ ಮೈಯಲ್ಲಿ ಆ ನೀರಿನ ಸುಳಿಗಳು ತೊಗಲಿನ ಸುಕ್ಕಾಗಿವೆ. ನೀರು ತನ್ನ ಇಚ್ಛೆಯಂತೆ ಹರಿದದ್ದನ್ನು ಹಸಿವಿನ ಚಿತ್ರಕ್ಕೆ ಒದಗಿಸಿಕೊಂಡ ಆ ಕಲಾವಿದ ಯಾರೋ ತಿಳಿಯದು.

ತಿರುಗಿ ಬರುವಾಗ ಯಜಮಾನರು ಬಹಳ ದಿನದಿಂದ ಇಟ್ಟುಕೊಂಡಿದ್ದ ಪ್ರಶ್ನೆಯನ್ನು ಕೇಳಿದರು: “ಎಲ್ಲಾ ಖರೇರಿ. ಅರಸು ಅನ್ನ ಹಾಕತಿದ್ದ, ಅವರು ಮಾಡಿದ್ರು. ಇವಂಗ ಯಾರು ಹಾಕವ್ರು?” ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅವರ ನೆರೆಯ ಕಲಬುರ್ಗಿಯಲ್ಲಿಯೇ 1916ರಲ್ಲಿ ಹುಟ್ಟಿದ ಎಸ್. ಎಂ. ಪಂಡಿತರ ಸಂಗತಿಯನ್ನು ಹೇಳಿದೆವು. ಮುಂಬಯಿಯಲ್ಲಿ ಜಿ. ಎಸ್. ದಂಡಾವತಿಮಠರ ನೂತನ ಕಲಾಮಂದಿರದಲ್ಲಿ ಕಲಿತ ಪಂಡಿತರು ಸಿನಿಮಾ ಪ್ರಚಾರದ ಚಿತ್ರ ಬರೆದರು, ಮನೆಮನೆಯ ಕ್ಯಾಲೆಂಡರಿಗೆ ಪುರಾಣಚಿತ್ರ ಬರೆದರು, ದೊಡ್ಡ ತೈಲಚಿತ್ರಗಳನ್ನೂ ಬರೆದರು. ಒಂದು ಮಾಧ್ಯಮ ಅನ್ನ ಕೊಟ್ಟಿತು, ಇನ್ನೊಂದು ಅವರಿಗೆ ಬೇಕಾದದ್ದನ್ನು ಮಾಡಲು ಬಿಟ್ಟಿತು. 1993ರಲ್ಲಿ ಅವರು ತೀರಿಕೊಂಡರು; ಕಲಬುರ್ಗಿಯ ರಂಗಮಂದಿರ ಅವರ ಹೆಸರಿನದು. ಅದೇ ದಂಡಾವತಿಮಠರಲ್ಲಿ ಕಲಿತ ಉಡುಪಿ ಸೀಮೆಯ ಕೆ. ಕೆ. ಹೆಬ್ಬಾರರು ತೈಲವರ್ಣದಲ್ಲಿ ಖ್ಯಾತರಾಗಿಯೂ ಬರಿಯ ಒಂದು ಗೆರೆಯಲ್ಲಿ ನರ್ತಕಿಯನ್ನು ಕುಣಿಸಿದರು. ಮೈಸೂರಿನ ಕೆ. ವೆಂಕಟಪ್ಪನವರು ಊಟಿಯ ಮಂಜಿಗೆ ಜಲವರ್ಣವನ್ನೂ ಉಬ್ಬುಚಿತ್ರಕ್ಕೆ ಪ್ಲಾಸ್ಟರನ್ನೂ ಹಿಡಿದವರು, ವೀಣೆಯನ್ನೂ ನುಡಿಸಿದವರು. ಇವರೆಲ್ಲ ಒಂದೊಂದರಲ್ಲಿ ಕೈ ಕೂಡುವವರೆಗೆ ಕುಳಿತ ಬಳಿಕ ಇನ್ನೊಂದಕ್ಕೆ ಹೋದವರು ಎಂಬುದನ್ನು ಹುಡುಗನಿಗೆ ಕೇಳಿಸುವಂತೆಯೇ ಹೇಳಿದೆವು. ಪಂಡಿತರಂತೆ ಎಲ್ಲರಿಗೂ ಒದಗುವುದಿಲ್ಲವೆಂಬುದನ್ನೂ ಮುಚ್ಚಿಡಲಿಲ್ಲ. ಯಜಮಾನರು ದೇವರಹಿಪ್ಪರಗಿ ದಾಟುವವರೆಗೆ ಮಾತಾಡಲಿಲ್ಲ.

ಶ್ರಾವಣ ಮುಗಿಯುವಷ್ಟರಲ್ಲಿ ಮನೆಯಲ್ಲಿ ಒಂದು ಒಪ್ಪಂದವಾಯಿತು. ಮುಂದಿನ ವರ್ಷದ ಶುಲ್ಕವನ್ನು ತಂದೆ ಕಟ್ಟುವುದು. ಸುಗ್ಗಿಯ ಒಂದು ತಿಂಗಳು ಮಗ ಹೊಲದಲ್ಲಿ ನಿಲ್ಲುವುದು. ಹಲಗೆ, ಅಂಟಿನ ಖರ್ಚು ಅವನೇ ದುಡಿದು ನೋಡಿಕೊಳ್ಳುವುದು. ನಮ್ಮ ಕಡೆಯಿಂದ ಒಂದೇ ಒಂದು ಕೋರಿಕೆ ಇತ್ತು: ಪ್ರತಿ ಹಲಗೆಯ ಬೆನ್ನಿಗೆ ಯಾವ ಮಣ್ಣು, ಎಲ್ಲಿಯದು, ಏನು ಎಷ್ಟು ಬೆರೆಸಿದ್ದು, ಯಾವ ತಾರೀಖಿನಂದು ಹಚ್ಚಿದ್ದು ಎಂದು ಬರೆಯಬೇಕು. ನಾವು ಹೊರಡುವ ಹಿಂದಿನ ದಿನ ಕೊಟ್ಟಿಗೆಯ ನೆರಳಿನಲ್ಲಿ ಹಸಿಗೋಣಿ ಮುಚ್ಚಿದ ಹೊಸ ಹಲಗೆಯೊಂದು ಒಣಗುತ್ತಿತ್ತು. ಅಜ್ಜಿಯೇ ಕುಟ್ಟಿಕೊಟ್ಟ ಹತ್ತಿಮಣ್ಣು. ಗೋಣಿ ಸರಿಸಿ ನೋಡಿದಾಗ ಮೂಲೆಯಲ್ಲಿ ಕೂದಲೆಳೆಯಷ್ಟು ಎರಡು ಬಿರುಕು ಕಂಡವು. ಅಜ್ಜಿ ಬಗ್ಗಿ ನೋಡಿ, “ಬೂದಿ ಕಡಿಮಿ ಆತು,” ಎಂದರು. ಹುಡುಗ ಪೆನ್ಸಿಲು ತೆಗೆದು ಹಲಗೆಯ ಬೆನ್ನಿಗೆ ಅದನ್ನು ಬರೆದುಕೊಂಡನು.